ಮೈತೂಕಕ್ಕೆ ತಕ್ಕ ವಿಮಾನ ದರ: ನ್ಯಾಯವೇ, ಆರೋಗ್ಯವೇ?

ಮಂಗಳೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮಸ್ಕತ್‌ನಲ್ಲಿರುವ ಮಗಳ ಮನೆಗೆ ಹೊರಟಾಗ ಅವರ ಪೆಟ್ಟಿಗೆ ಮೂರು ಕಿಲೋ ಹೆಚ್ಚು ತೂಗಿತಂತೆ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ. ಅಮ್ಮಂದಿರ ಪೆಟ್ಟಿಗೆಯಲ್ಲಿ ಇನ್ನೇನಿದ್ದೀತು? ಹೆಚ್ಚುವರಿ ಹಣ ಕಟ್ಟಿಸಿಕೊಂಡೇ ಒಳಗೆ ಬಿಟ್ಟರಂತೆ. ‘ನನ್ನ ತೂಕ 48 ಕಿಲೋ. ನನ್ನ ಹಿಂದೆ ನಿಂತಿದ್ದವರು ನೂರಕ್ಕೆ ಕಡಿಮೆ ಇರಲಾರರು. ಅವರ ಪೆಟ್ಟಿಗೆ ಸರಿಯಾಗಿದ್ದುದರಿಂದ ಅವರಿಗೆ ಏನೂ ಇಲ್ಲ. ವಿಮಾನಕ್ಕೆ ಹಪ್ಪಳದ ತೂಕ ಬೇರೆ, ಮನುಷ್ಯನ ತೂಕ ಬೇರೆಯೆ ಡಾಕ್ಟರೇ? ಮನುಷ್ಯರನ್ನೂ ತೂಗಿ ದರ ಹಾಕಿದರೆ ಜನ ಬೊಜ್ಜು ಕರಗಿಸಿಕೊಳ್ಳುವುದಿಲ್ಲವೆ?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ತಮಾಷೆಯದಲ್ಲ. ಇದನ್ನು ನಿಜವಾಗಿ ಮಾಡಿ ನೋಡಿದ ಕಂಪನಿಯೊಂದಿತ್ತು. ಪೆಸಿಫಿಕ್ ಸಾಗರದ ನಡುವೆ ಸಮೋವಾ ಎಂಬ ದ್ವೀಪರಾಷ್ಟ್ರವಿದೆ. ಜನಸಂಖ್ಯೆ ಸುಮಾರು ಎರಡು ಲಕ್ಷ, ಅಂದರೆ ನಮ್ಮ ಒಂದು ತಾಲ್ಲೂಕಿನಷ್ಟು. ಅಲ್ಲಿನ ಸಮೋವಾ ಏರ್ ಕಂಪನಿ 2012ರ ಕೊನೆಯಲ್ಲಿ ಆಸನಕ್ಕೆ ಇಷ್ಟು ಎಂಬ ದರವನ್ನೇ ಕೈಬಿಟ್ಟು ಕಿಲೋಗೆ ಇಷ್ಟು ಎಂದು ಗೊತ್ತುಮಾಡಿತು. 2013ರ ಏಪ್ರಿಲ್‌ನಲ್ಲಿ ಸುದ್ದಿ ಜಗತ್ತಿನ ಪತ್ರಿಕೆಗಳನ್ನೆಲ್ಲ ತುಂಬಿತು. ಟಿಕೆಟ್ ಕಾದಿರಿಸುವಾಗ ಪ್ರಯಾಣಿಕ ತನ್ನ ತೂಕವನ್ನೂ ಸಾಮಾನಿನ ತೂಕವನ್ನೂ ಹೇಳಬೇಕು. ಹೊರಡುವ ದಿನ ನಿಲ್ದಾಣದಲ್ಲಿ ಇನ್ನೊಮ್ಮೆ ತೂಗುತ್ತಾರೆ. ಕಂಪನಿಯ ಮುಖ್ಯಸ್ಥ ಕ್ರಿಸ್ ಲ್ಯಾಂಗ್ಟನ್ ಅವರ ವಾದ ಎರಡು. ಒಂದು, ವಿಮಾನ ಹಾರುವುದು ತೂಕದ ಲೆಕ್ಕದಲ್ಲಿ, ಆಸನದ ಲೆಕ್ಕದಲ್ಲಲ್ಲ. ಆದ್ದರಿಂದ ಇದೇ ನ್ಯಾಯ, ಪುಟ್ಟ ಮಕ್ಕಳ ಸಂಸಾರಕ್ಕೆ ಲಾಭವೂ ಹೌದು. ಇನ್ನೊಂದು, ಇದರಿಂದ ಜನರಿಗೆ ತಮ್ಮ ತೂಕದ ಬಗ್ಗೆ ಎಚ್ಚರ ಮೂಡುತ್ತದೆ. ಅದೇ ವರ್ಷ ನಾರ್ವೆಯ ಅರ್ಥಶಾಸ್ತ್ರಜ್ಞ ಭರತ್ ಭಟ್ಟ ಎಂಬವರೂ ತೂಕದ ದರವನ್ನು ಸಮರ್ಥಿಸಿ ಒಂದು ವಿದ್ವತ್ ಪತ್ರಿಕೆಯಲ್ಲಿ ಬರೆದರು. ಸಮೋವಾ ಏರ್ ಕೆಲವೇ ವರ್ಷಗಳಲ್ಲಿ ಹಾರಾಟ ನಿಲ್ಲಿಸಿತು. ಆದರೆ ಪ್ರಶ್ನೆ ನಿಂತಿಲ್ಲ.

ಮೊದಲನೆಯ ವಾದಕ್ಕೆ ಉತ್ತರ ಹೇಳಬೇಕಾದವರು ಎಂಜಿನಿಯರುಗಳು. ಎರಡನೆಯದು ನಮ್ಮ ಕ್ಷೇತ್ರದ್ದು. ಆದರೂ ಮೊದಲನೆಯದನ್ನು ಸ್ವಲ್ಪ ನೋಡದೆ ಮುಂದೆ ಹೋಗುವಂತಿಲ್ಲ.

ವಿಮಾನಕ್ಕೆ ತೂಕ ಗೊತ್ತಿರಬೇಕು

ಸಮೋವಾ ಏರ್ ಬಳಸುತ್ತಿದ್ದದ್ದು ಐಲ್ಯಾಂಡರ್ ಎಂಬ ಪುಟಾಣಿ ವಿಮಾನ. ಚಾಲಕನೂ ಸೇರಿ ಹತ್ತು ಜನ ಕೂರಬಹುದು. ಇಂಧನ, ಸಾಮಾನು, ಮನುಷ್ಯರು ಎಲ್ಲ ಸೇರಿ ಮೇಲೇರುವಾಗ ಅದರ ಒಟ್ಟು ತೂಕ ಸುಮಾರು ಮೂರು ಟನ್ ಮೀರುವಂತಿಲ್ಲ. ಹತ್ತು ಜನ ತಲಾ ನೂರು ಕಿಲೋ ಇದ್ದರೆ ಅಲ್ಲಿಗೇ ಒಂದು ಟನ್ ಆಯಿತು, ಅಂದರೆ ಮೂರನೇ ಒಂದು ಭಾಗ. ಅಂಥ ವಿಮಾನದಲ್ಲಿ ಯಾರೆಷ್ಟು ತೂಗುತ್ತಾರೆ, ಯಾರು ಎಲ್ಲಿ ಕೂರುತ್ತಾರೆ ಎಂಬುದು ಪ್ರಾಣದ ಪ್ರಶ್ನೆ. ಹಿಂಭಾಗಕ್ಕೆ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತದೆ. ನಮ್ಮ ಎತ್ತಿನ ಗಾಡಿಯಲ್ಲಿ ಹಿಂದೆ ಹೇರು ಹೆಚ್ಚಾದರೆ ಮೂಕಿ ಮೇಲೇಳುವ ಹಾಗೆಯೇ.

2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್ ನಗರದಲ್ಲಿ ಹೀಗೇ ಆಯಿತು. 19 ಪ್ರಯಾಣಿಕರಿದ್ದ ಏರ್ ಮಿಡ್‌ವೆಸ್ಟ್ ಕಂಪನಿಯ ಸಣ್ಣ ವಿಮಾನ ಮೇಲೇರಿದ ಕೂಡಲೆ ಬಿದ್ದು ಅದರಲ್ಲಿದ್ದ 21 ಮಂದಿಯೂ ಸತ್ತರು. ಬಾಲದ ನಿಯಂತ್ರಣ ತಂತಿಯನ್ನು ದುರಸ್ತಿಯಲ್ಲಿ ಸರಿಯಾಗಿ ಜೋಡಿಸಿರಲಿಲ್ಲ. ಅದರ ಜೊತೆಗೆ ವಿಮಾನದ ಹಿಂಭಾಗ ಭಾರವಾಗಿತ್ತು. ಕಾಗದದ ಮೇಲೆ ಮಾತ್ರ ಎಲ್ಲ ಮಿತಿಯೊಳಗೇ ಇತ್ತು. ಏಕೆಂದರೆ ಪ್ರಯಾಣಿಕರನ್ನು ಯಾರೂ ತೂಗಿರಲಿಲ್ಲ, ತಲೆಗೆ ಇಷ್ಟು ಎಂದು ಹಳೆಯ ಸರಾಸರಿ ಹಿಡಿದು ಲೆಕ್ಕ ಬರೆದಿದ್ದರು. ಅಷ್ಟರಲ್ಲಿ ಅಮೆರಿಕದವರು ದಪ್ಪಗಾಗಿದ್ದರು. ಈ ದುರಂತದ ನಂತರ ಅಲ್ಲಿನ ವಿಮಾನಯಾನ ಇಲಾಖೆ ಸರಾಸರಿಯನ್ನು ತಲೆಗೆ ಹತ್ತು ಪೌಂಡಿನಷ್ಟು ಏರಿಸಿತು.

ಆದ್ದರಿಂದ ತೂಗುವುದೇ ತಪ್ಪು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2023ರಲ್ಲಿ ಏರ್ ನ್ಯೂಜಿಲೆಂಡ್ ಆಕ್ಲೆಂಡ್ ನಿಲ್ದಾಣದಲ್ಲಿ ಸಾವಿರಾರು ಪ್ರಯಾಣಿಕರನ್ನು ತೂಗಿತು. 2024ರಲ್ಲಿ ಫಿನ್ನೇರ್ ಹೆಲ್ಸಿಂಕಿಯಲ್ಲಿ ತೂಗಿತು. ಎರಡೂ ಕಡೆ ಹೆಸರು ಬರೆದುಕೊಳ್ಳಲಿಲ್ಲ, ಒಲ್ಲೆ ಎಂದವರನ್ನು ಒತ್ತಾಯಿಸಲಿಲ್ಲ. ಆಕ್ಲೆಂಡಿನಲ್ಲಿ ಅಂಕಿ ಎದುರು ನಿಂತವರ ಕಣ್ಣಿಗೂ ಬೀಳದಂತೆ ನೋಡಿಕೊಂಡರು. ಬೇಕಾಗಿದ್ದದ್ದು ಸರಾಸರಿ ಮಾತ್ರ. ತೂಕ ತಿಳಿಯುವುದು ಒಂದು, ತೂಕಕ್ಕೆ ಬೆಲೆ ಕಟ್ಟುವುದು ಇನ್ನೊಂದು. ನಮ್ಮ ಓದುಗರ ಪ್ರಶ್ನೆಯಲ್ಲಿ ಇವೆರಡೂ ಕಲೆತಿವೆ.

ಈಗ ಮಸ್ಕತ್ ವಿಮಾನದ ಲೆಕ್ಕವನ್ನೇ ಹಾಕೋಣ. ಹೆಚ್ಚಿನ ಭಾರವನ್ನು ಒಂದು ಗಂಟೆ ಹೊತ್ತು ಹಾರಲು ಆ ಭಾರದ ನೂರಕ್ಕೆ ಸುಮಾರು ಮೂರು-ನಾಲ್ಕು ಪಾಲು ಇಂಧನ ಬೇಕೆಂಬುದು ವಿಮಾನದವರ ಒರಟು ಲೆಕ್ಕ. ಪತ್ರ ಬರೆದವರಿಗೂ ಅವರ ಹಿಂದೆ ನಿಂತವರಿಗೂ ವ್ಯತ್ಯಾಸ 52 ಕಿಲೋ. ಮೂರು ಗಂಟೆಯ ಹಾರಾಟಕ್ಕೆ ಆರೇಳು ಲೀಟರ್ ಇಂಧನ ಹೆಚ್ಚು ಖರ್ಚಾಗುತ್ತದೆ. ಅಷ್ಟೇ. ಕಿಲೋ ಲೆಕ್ಕದಲ್ಲಿ ದರ ಹಾಕಿದರೆ ಮಾತ್ರ ಆ ಮನುಷ್ಯ ಇವರ ಎರಡರಷ್ಟು ಹಣ ಕೊಡಬೇಕಾಗುತ್ತದೆ. ಚಾಲಕರ ಸಂಬಳ, ವಿಮಾನದ ಬಾಡಿಗೆ, ದುರಸ್ತಿ, ನಿಲ್ದಾಣದ ಶುಲ್ಕ ಇವು ಯಾವುವೂ ಪ್ರಯಾಣಿಕನ ಸೊಂಟದ ಸುತ್ತಳತೆಯನ್ನು ಅವಲಂಬಿಸಿಲ್ಲ. ನಾವೆಲ್ಲ ಸಾಮಾನ್ಯವಾಗಿ ಹತ್ತುವ 180 ಆಸನಗಳ ವಿಮಾನ ಖಾಲಿಯಾಗಿಯೇ 42 ಟನ್ ತೂಗುತ್ತದೆ. ತುಂಬಿದಾಗ 78 ಟನ್ ಸಮೀಪ. ಅದರಲ್ಲಿ ತಲಾ 75 ಕಿಲೋದಂತೆ ಮನುಷ್ಯರ ಪಾಲು ಹದಿಮೂರೂವರೆ ಟನ್. ಐಲ್ಯಾಂಡರ್‌ನ ನ್ಯಾಯ ಇಲ್ಲಿಗೆ ಹೊಂದದು.

ಹಾಗೆಂದು ಒಟ್ಟು ಲೆಕ್ಕ ಸಣ್ಣದಲ್ಲ. 1990ರ ದಶಕದಲ್ಲಿ ಅಮೆರಿಕದವರ ಸರಾಸರಿ ತೂಕ ಹತ್ತು ಪೌಂಡಿನಷ್ಟು ಏರಿದ್ದರಿಂದ 2000ನೇ ಇಸವಿಯೊಂದರಲ್ಲೇ ಅಲ್ಲಿನ ವಿಮಾನಗಳು 35 ಕೋಟಿ ಗ್ಯಾಲನ್ ಇಂಧನ ಹೆಚ್ಚಾಗಿ ಸುಟ್ಟವೆಂದು 2004ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ತಜ್ಞರು ಅಂದಾಜು ಮಾಡಿದ್ದರು. ಹನಿಗೂಡಿದರೆ ಹಳ್ಳ. ಆದರೆ ಹಳ್ಳದ ಲೆಕ್ಕವನ್ನು ಒಂದು ಹನಿಯ ಮೇಲೆ ಹೊರಿಸಬಾರದು.

ಭಾರವೆಲ್ಲ ಬೊಜ್ಜಲ್ಲ

ಇನ್ನು ನಮ್ಮ ಕ್ಷೇತ್ರ. ತೂಕದ ದರದಿಂದ ಆರೋಗ್ಯ ಸುಧಾರಿಸುತ್ತದೆ ಎನ್ನುವವರು ತಕ್ಕಡಿ ಬೊಜ್ಜನ್ನು ಅಳೆಯುತ್ತದೆ ಎಂದುಕೊಂಡಿದ್ದಾರೆ. ತಕ್ಕಡಿಗೆ ಬೊಜ್ಜೂ ಗೊತ್ತಿಲ್ಲ, ಮೂಳೆಯೂ ಗೊತ್ತಿಲ್ಲ. ಅದು ಎಲ್ಲವನ್ನೂ ಕೂಡಿಸಿ ಹೇಳುತ್ತದೆ.

ಆರಡಿ ಎತ್ತರದ, ದಿನವೂ ಹೊಲದಲ್ಲಿ ದುಡಿಯುವ ರೈತನೊಬ್ಬ 75 ಕಿಲೋ ಇದ್ದಾನೆನ್ನಿ. ಐದಡಿಗೂ ತುಸು ಕಡಿಮೆ, ಅಂದರೆ 150 ಸೆಂಟಿಮೀಟರ್ ಎತ್ತರದ ಗೃಹಿಣಿ 62 ಕಿಲೋ ಇದ್ದಾರೆನ್ನಿ. ಯಾರಿಗೆ ತೊಂದರೆ? ವೈದ್ಯರು ಬಳಸುವ ಬಿಎಂಐ ಲೆಕ್ಕ ಸುಲಭ: ಕಿಲೋದಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದಿಂದ ಎರಡು ಸಲ ಭಾಗಿಸಬೇಕು. ರೈತನದು 22.4. ಗೃಹಿಣಿಯದು 27.6. ಭಾರತೀಯರಾದ ನಾವು 23 ದಾಟಿದರೇ ಎಚ್ಚರ ವಹಿಸಬೇಕು. ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಸೇರುವುದು ಹೆಚ್ಚು. ಮಧುಮೇಹ, ಹೃದ್ರೋಗ ಬೇಗ ಹಿಡಿಯುತ್ತವೆ. ಆದರೆ ವಿಮಾನದ ಕಿಟಕಿಯಲ್ಲಿ ಕೂತ ಗುಮಾಸ್ತ ಹೆಚ್ಚು ಹಣ ಕೀಳುವುದು ಆರೋಗ್ಯವಂತ ರೈತನಿಂದ, ಎಚ್ಚರ ಬೇಕಾದ ಗೃಹಿಣಿಯಿಂದಲ್ಲ. ಇದು ಬೊಜ್ಜಿನ ತೆರಿಗೆಯಲ್ಲ, ಎತ್ತರದ ತೆರಿಗೆ. ಗಂಡಸರ ಮೇಲೆ, ಸ್ನಾಯು ಬೆಳೆಸಿದವರ ಮೇಲೆ ಬೀಳುವ ತೆರಿಗೆ. ತುಂಬಿದ ಬಸುರಿಯ ಹತ್ತು-ಹನ್ನೆರಡು ಕಿಲೋ ಏರಿಕೆಗೂ ಅವರು ರಸೀದಿ ಹರಿಯುತ್ತಾರೆಯೆ?

ಹೃದಯ ಸೋತವರ, ಮೂತ್ರಪಿಂಡ ಕೆಟ್ಟವರ ಮೈಯಲ್ಲಿ ನೀರು ನಿಂತು ಕೆಲವೇ ದಿನಗಳಲ್ಲಿ ಐದಾರು ಕಿಲೋ ಏರುವುದುಂಟು. ಆಸ್ತಮಾ, ಸಂಧಿವಾತಕ್ಕೆ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರು ಊದಿಕೊಳ್ಳುತ್ತಾರೆ. ಮಾನಸಿಕ ಕಾಯಿಲೆಯ ಕೆಲವು ಔಷಧಗಳು, ಮೂರ್ಛೆರೋಗದ ಒಂದೆರಡು ಮಾತ್ರೆಗಳು, ಇನ್ಸುಲಿನ್, ಇವೆಲ್ಲ ತೂಕ ಏರಿಸುತ್ತವೆ. ಥೈರಾಯ್ಡ್ ಕೊರತೆಯೂ ಅಷ್ಟಿಷ್ಟು ಏರಿಸುತ್ತದೆ, ಜನ ಅದರ ಮೇಲೆ ಹೊರಿಸುವಷ್ಟಲ್ಲದಿದ್ದರೂ!

ಸಮೋವಾದ ಕಥೆಯನ್ನೇ ನೋಡಿ. ಜಗತ್ತಿನಲ್ಲಿ ಅತಿ ಹೆಚ್ಚು ಸ್ಥೂಲಕಾಯರಿರುವ ದೇಶಗಳಲ್ಲಿ ಅದೂ ಒಂದು. ಹೊಟ್ಟೆಬಾಕತನ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ 2016ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಮೋವನ್ನರನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವರಲ್ಲಿ ಸಾಮಾನ್ಯವಾಗಿ ಕಾಣುವ, ಉಳಿದ ಜಗತ್ತಿನಲ್ಲಿ ಬಹು ಅಪರೂಪವಾದ ವಂಶವಾಹಿಯ ಒಂದು ರೂಪವನ್ನು ಗುರುತಿಸಿದರು. ಅದು ಜೀವಕೋಶ ಕಡಿಮೆ ಶಕ್ತಿ ಖರ್ಚುಮಾಡಿ ಹೆಚ್ಚು ಕೊಬ್ಬು ಕೂಡಿಡುವಂತೆ ಮಾಡುತ್ತದೆ. ವಿಚಿತ್ರವೆಂದರೆ, ಅದನ್ನು ಪಡೆದವರಲ್ಲಿ ತೂಕ ಹೆಚ್ಚಿದ್ದರೂ ಮಧುಮೇಹದ ಸಂಭವ ಕಡಿಮೆ. ಒಂದೇ ತೂಕದ ಇಬ್ಬರಿಗೆ ಒಂದೇ ಕಾಯಿಲೆಯ ಭವಿಷ್ಯ ಹೇಳಲಾಗದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಂಶವಾಹಿ ಮೊದಲೂ ಇತ್ತು, ಬೊಜ್ಜು ಈಚೆಗೆ ಬಂತು. ನಡುವೆ ಬದಲಾದದ್ದು ತಟ್ಟೆ. ಕೆಸುವಿನ ಗೆಡ್ಡೆ, ತೆಂಗು, ಮೀನು ತಿನ್ನುತ್ತಿದ್ದ ದ್ವೀಪಕ್ಕೆ ಡಬ್ಬಿಯ ಮಾಂಸ, ಸಕ್ಕರೆಯ ಪಾನೀಯ, ಶ್ರೀಮಂತ ದೇಶಗಳವರು ತಿನ್ನದೆ ಬಿಟ್ಟ ಕೊಬ್ಬಿನ ತುಂಡುಗಳು ಅಗ್ಗವಾಗಿ ಬಂದು ಬಿದ್ದವು. ಬರೀ ಕೊಬ್ಬೇ ಆಗಿರುವ ಟರ್ಕಿ ಕೋಳಿಯ ಬಾಲದ ಆಮದನ್ನು ಸಮೋವಾ 2007ರಲ್ಲಿ ನಿಷೇಧಿಸಿತು. 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಗಲು ಆ ನಿಷೇಧವನ್ನು ತೆಗೆಯಲು ಒಪ್ಪಬೇಕಾಯಿತು. ಕೊಬ್ಬು ಮಾರುವವರಿಗೆ ಬಾಗಿಲು ತೆರೆದ ವರ್ಷದ ಕೊನೆಯಲ್ಲೇ, ಅದನ್ನು ತಿಂದವರಿಗೆ ವಿಮಾನದ ಬಾಗಿಲಲ್ಲಿ ಕಿಲೋ ಲೆಕ್ಕದ ಬಿಲ್ಲು! ಯಾರ ಆರೋಗ್ಯದ ಎಚ್ಚರ ಇದು?

ನಾಚಿಕೆ ಔಷಧವಲ್ಲ

‘ಕಾರಣ ಏನೇ ಇರಲಿ, ಜೇಬಿಗೆ ಬಿಸಿ ತಟ್ಟಿದರೆ ಜನ ಇಳಿಸಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ಪೆಟ್ಟಿಗೆಯ ದಂಡಕ್ಕೆ ಈ ಮಾತು ಒಪ್ಪುತ್ತದೆ. ಮುಂದಿನ ಸಲ ಕುಚ್ಚಲಕ್ಕಿಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದು. ಹೊಟ್ಟೆಯನ್ನು ಮನೆಯಲ್ಲಿ ಬಿಟ್ಟು ಹೋಗಲಾಗುವುದಿಲ್ಲ. ವರ್ಷಗಳಲ್ಲಿ ಏರಿದ ತೂಕ ಇಳಿಯುವುದಕ್ಕೂ ತಿಂಗಳುಗಳು ಬೇಕು, ಇಳಿದದ್ದು ನಿಲ್ಲಲು ವರ್ಷಗಳು ಬೇಕು. ವರ್ಷಕ್ಕೊಮ್ಮೆ ವಿಮಾನ ಹತ್ತುವವನ ಊಟ ನಡಿಗೆಗಳನ್ನು ಒಂದು ದಿನದ ಟಿಕೆಟ್ ತಿದ್ದಲಾರದು.

ತಿದ್ದದಿದ್ದರೂ ಕೆಡಿಸಬಲ್ಲದು. ಇಂಗ್ಲೆಂಡಿನಲ್ಲಿ 50 ವರ್ಷ ಮೀರಿದ ಸುಮಾರು ಮೂರು ಸಾವಿರ ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ಅವಮಾನ, ತಾರತಮ್ಯ ಅನುಭವಿಸಿದೆವು ಎಂದವರ ತೂಕ ಆ ಅವಧಿಯಲ್ಲಿ ಸರಾಸರಿ ಒಂದು ಕಿಲೋದಷ್ಟು ಏರಿತ್ತು. ಅಂಥ ಅನುಭವ ಇಲ್ಲದವರದು ತುಸು ಇಳಿದಿತ್ತು. ಅವಮಾನವೇ ಕಾರಣವೆಂದು ಇದೊಂದರಿಂದ ಹೇಳಲಾಗದು. ಅವಮಾನದಿಂದ ಇಳಿಯುತ್ತದೆ ಎಂಬ ಮಾತಿಗಂತೂ ಇದು ಪುಷ್ಟಿ ಕೊಡುವುದಿಲ್ಲ.

ನಮ್ಮ ಕ್ಲಿನಿಕ್ಕುಗಳಲ್ಲೂ ಇದನ್ನೇ ಕಾಣುತ್ತೇವೆ. ಶಾಲಾ ಶಿಕ್ಷಕಿಯೊಬ್ಬರು ರಕ್ತದೊತ್ತಡದ ಮಾತ್ರೆ ಬಿಟ್ಟು ಎರಡು ವರ್ಷ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ನನ್ನಲ್ಲಿಗೆ ಬಂದಾಗ ರಕ್ತದ ಸಕ್ಕರೆ 300 ದಾಟಿತ್ತು. ಏಕೆ ಬಿಟ್ಟಿರಿ ಎಂದರೆ, ಹಿಂದೆ ಹೋಗುತ್ತಿದ್ದ ಕಡೆ ತಕ್ಕಡಿಯನ್ನು ಹೊರಗೆ ಜಗಲಿಯಲ್ಲಿ ಇಟ್ಟಿದ್ದರಂತೆ. ತೂಗಿದ ಹುಡುಗ ಅಂಕಿಯನ್ನು ಒಳಗಿದ್ದವರಿಗೆ ಕೂಗಿ ಹೇಳುತ್ತಿದ್ದನಂತೆ. ಬೆಂಚಿನ ಮೇಲೆ ಅವರ ವಿದ್ಯಾರ್ಥಿಯ ತಾಯಿ ಕೂತಿದ್ದರು. ಆ ಒಂದು ಕೂಗಿಗೆ ಎರಡು ವರ್ಷದ ಚಿಕಿತ್ಸೆ ಹೋಯಿತು. ನಮ್ಮ ಜನ ಹೆಮ್ಮೆಯಿಂದ ತಕ್ಕಡಿಯಲ್ಲಿ ಕೂರುವುದು ದೇವಸ್ಥಾನದ ತುಲಾಭಾರಕ್ಕೆ ಮಾತ್ರ. ಅಲ್ಲಿ ಭಾರ ಹೆಚ್ಚಿದ್ದಷ್ಟೂ ದೇವರಿಗೆ ಬೆಲ್ಲ ಹೆಚ್ಚು, ಯಾರೂ ಮೂಗು ಮುರಿಯುವುದಿಲ್ಲ. ಉಳಿದ ಕಡೆಯಲ್ಲೆಲ್ಲ ತಕ್ಕಡಿಯ ಬಳಿ ಜನರನ್ನು ಕರೆತರುವುದೇ ನಮಗೆ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಮಂದಿ ಹೆಂಗಸರು, ಅಷ್ಟೇ ಗಂಡಸರು ಬಿಎಂಐ 25ನ್ನು ಮುಟ್ಟಿದವರು ಅಥವಾ ದಾಟಿದವರು. ಇವರೆಲ್ಲ ತಕ್ಕಡಿ ಹತ್ತಬೇಕು, ಅಂಕಿ ತಿಳಿಯಬೇಕು. ಹತ್ತಿದರೆ ದಂಡ ಎಂದಾದರೆ ಹತ್ತುತ್ತಾರೆಯೆ?

ಇನ್ನೂ ಒಂದು ಅಪಾಯವಿದೆ. ಕುಸ್ತಿಪಟುಗಳು ತೂಕದ ವರ್ಗಕ್ಕೆ ಇಳಿಯಲು ಪಂದ್ಯದ ಮುಂಚೆ ನೀರು ಬಿಡುವುದು, ಬೆವರು ಹರಿಸುವುದು ಎಲ್ಲರಿಗೂ ಗೊತ್ತಿರುವುದೇ. ಕಿಲೋಗೆ ಇಷ್ಟು ಎಂದಾದರೆ ಪ್ರಯಾಣಿಕರೂ ಅದನ್ನೇ ಕಲಿಯುತ್ತಾರೆ. ಹಿಂದಿನ ದಿನ ಉಪವಾಸ, ಜೊತೆಗೆ ಅಂಗಡಿಯಿಂದ ತಂದ ಮೂತ್ರ ಹೋಗಿಸುವ ಮಾತ್ರೆ. ಮಧುಮೇಹದ ಮಾತ್ರೆ ನುಂಗಿ ಉಪವಾಸವಿದ್ದರೆ ಸಕ್ಕರೆ ಕುಸಿದು ನಿಲ್ದಾಣದಲ್ಲೇ ಬೀಳಬಹುದು. ಮೈಯಲ್ಲಿ ನೀರು ಕಡಿಮೆಯಾಗಿ, ಹತ್ತು ಗಂಟೆ ಕಾಲು ಮಡಚಿ ಕೂತರೆ ಏನಾಗಬಹುದೆಂದು ಮುಂದೆ ಹೇಳುತ್ತೇನೆ.

ಪಕ್ಕದ ಆಸನದವರ ಪಾಡು

ಒಂದು ದೂರು ಮಾತ್ರ ನ್ಯಾಯವಾದದ್ದು. ಸಾಮಾನ್ಯ ದರ್ಜೆಯ ಆಸನದ ಅಗಲ 17-18 ಅಂಗುಲ. ಭಾರಿ ದೇಹದವರು ಕೂತಾಗ ಪಕ್ಕದವರು ತಾವು ಹಣ ಕೊಟ್ಟ ಜಾಗದ ಕಾಲುಭಾಗ ಕಳೆದುಕೊಳ್ಳುತ್ತಾರೆ. ಆದರೆ ಇದು ಕಿಲೋದ ಪ್ರಶ್ನೆಯಲ್ಲ, ಅಂಗುಲದ ಪ್ರಶ್ನೆ. ಸಮೋವಾ ಏರ್ ಕೂಡ 2013ರಲ್ಲಿ 130 ಕಿಲೋ ಮೀರಿದವರಿಗೆಂದು ಅಗಲವಾದ ಒಂದು ಸಾಲು ಮಾಡಿತು. ನನಗೆ ಕಾಣುವಂತೆ ಅವರ ಕೆಲಸಗಳಲ್ಲಿ ಬುದ್ಧಿವಂತಿಕೆಯದು ಅದೇ. ಕೆನಡಾದ ಸಾರಿಗೆ ಪ್ರಾಧಿಕಾರ 2008ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಸ್ಥೂಲಕಾಯವೇ ಅಂಗವೈಕಲ್ಯವಾದವರಿಗೆ ದೇಶದೊಳಗಿನ ಪ್ರಯಾಣದಲ್ಲಿ ಎರಡನೆಯ ಆಸನಕ್ಕೆ ಹಣ ಕೇಳಬಾರದು, ಒಬ್ಬ ಮನುಷ್ಯನಿಗೆ ಒಂದೇ ದರ ಎಂದು ಅಲ್ಲಿನ ದೊಡ್ಡ ಕಂಪನಿಗಳಿಗೆ ಆಜ್ಞೆ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು, ಕೋರ್ಟು ಅರ್ಜಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಎಲ್ಲ ದಪ್ಪಗಿನವರಿಗೂ ಈ ರಿಯಾಯಿತಿಯಿಲ್ಲ, ನಿಜಕ್ಕೂ ಒಂದು ಆಸನದಲ್ಲಿ ಕೂರಲಾಗದವರಿಗೆ ಮಾತ್ರ. ನನಗೆ ಇದು ಸರಿ ಕಾಣುತ್ತದೆ. ಸಣ್ಣ ವಿಮಾನದಲ್ಲಿ ತೂಗಿ ಎಲ್ಲಿ ಕೂರಬೇಕೆಂದು ಹೇಳಲಿ, ದರ ಮಾತ್ರ ಒಂದೇ ಇರಲಿ. ತೂಗುವಾಗ ಅಂಕಿ ಸಾಲಿನಲ್ಲಿ ನಿಂತವರಿಗೆ ಕಾಣದಿರಲಿ.

ದಪ್ಪಗಿರುವವರು ದೂರ ಹಾರುವ ಮುನ್ನ

ಮಕ್ಕಳನ್ನು ನೋಡಲು ಅಮೆರಿಕಕ್ಕೆ, ಕೊಲ್ಲಿಗೆ ಹೊರಡುವ ಹಿರಿಯರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ವಿಮಾನದ ಕಂಪನಿ ಕೇಳದಿದ್ದರೂ ತೂಕದ ವಿಷಯ ನಿಮಗೆ ಬೇಕಾದದ್ದು ಇಲ್ಲಿ.

ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕೂತರೆ ಕಾಲಿನ ಒಳರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿತು. ಗಾಬರಿ ಬೇಡ, ಆರೋಗ್ಯವಂತರಲ್ಲಿ ಆರು ಸಾವಿರಕ್ಕೆ ಒಬ್ಬರಿಗೆ ಆಗುವ ಮಾತು. ಬೊಜ್ಜು ಇರುವವರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ, ತೀರಾ ಎತ್ತರದವರಲ್ಲಿ ಹೆಚ್ಚು. ಐದು ಅಡಿ ಮೂರು ಅಂಗುಲಕ್ಕಿಂತ ಕುಳ್ಳಗಿರುವವರಲ್ಲೂ ಹೆಚ್ಚು ಎಂದು ಆ ವರದಿ ಹೇಳುತ್ತದೆ. ನಮ್ಮ ಎಷ್ಟೋ ಹೆಂಗಸರು ಈ ಪಟ್ಟಿಗೆ ಸೇರುತ್ತಾರೆ. ಕಾಲು ನೆಲ ಮುಟ್ಟದಿದ್ದರೆ ಕೈಚೀಲವನ್ನು ಕೆಳಗಿಟ್ಟು ಅದರ ಮೇಲೆ ಪಾದ ಊರಿರಿ.

ಓಡಾಡಲು ಅನುಕೂಲವಾದ ನಡುದಾರಿಯ ಪಕ್ಕದ ಆಸನವನ್ನೇ ಕೇಳಿ ಪಡೆಯಿರಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕೂತಲ್ಲೇ ಹಿಮ್ಮಡಿ ಊರಿ ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಹೊಲಿಗೆ ಯಂತ್ರ ತುಳಿದಂತೆ, ಮಾಡುತ್ತಿರಿ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಕೂರಬೇಡಿ. ಸೊಂಟದ ಪಟ್ಟಿ ಸಾಲದಿದ್ದರೆ ಜೋಡಿಸಿಕೊಳ್ಳುವ ಹೆಚ್ಚುವರಿ ಪಟ್ಟಿ ವಿಮಾನದಲ್ಲಿ ಇರುತ್ತದೆ. ಹತ್ತುವಾಗಲೇ ಗಗನಸಖಿಗೆ ಮೆಲ್ಲಗೆ ಹೇಳಿದರೆ ಕೊಡುತ್ತಾರೆ; ಸೆರಗು ಹೊದ್ದು ಪಟ್ಟಿ ಹಾಕದೆ ಕೂರುವುದು ಅಪಾಯ. ಹಿಂದೆ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಬಿಗಿ ಕಾಲುಚೀಲವೋ ಚುಚ್ಚುಮದ್ದೋ ಬೇಕಾಗಬಹುದು. ನೆರೆಮನೆಯವರ ಮಾತು ಕೇಳಿ ಆಸ್ಪಿರಿನ್ ನುಂಗಬೇಡಿ.

ಊರು ಮುಟ್ಟಿದ ಮೇಲೆ ಎರಡೂ ಪಾದ ತುಸು ಊದಿದ್ದರೆ ಅದು ಸಹಜ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಪ್ರಯಾಣವಾಗಿ ಕೆಲವು ವಾರ ಕಳೆದಿದ್ದರೂ ಸರಿ, ಇದ್ದಕ್ಕಿದ್ದಂತೆ ಏದುಸಿರು, ಎದೆಯಲ್ಲಿ ಚುಚ್ಚಿದಂತಹ ನೋವು, ಕೆಮ್ಮಿದರೆ ರಕ್ತ ಬಂದರೆ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಎಷ್ಟು ಗಂಟೆ ಕೂತಿದ್ದಿರಿ ಎಂಬುದನ್ನು ಮೊದಲೇ ಹೇಳಿ.